ಗ್ವಾಡಿ ಆಚಿ ಮನಿ

ಅಕ್ಕಾ-ತಂಗೇರ, 2025ರಾಗ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತಲ್ಲ, ಮಗಳು ಅವರ ಪುಸ್ತಕ ಕಳಿಸಿದ್ಲು. ‘ಎದೆಯ ಹಣತೆ’ ಕತಿಯೊಳಗ ಗಂಡ ಕೈಬಿಟ್ಟ ಮೆಹರುನ್ ಸೀಮೆಎಣ್ಣಿ ಸುರಕೊಂಡು ನಿಂತಾಗ ಮಗಳು ಬಂದು ತಡೀತಾಳ. ಪುಸ್ತಕ ಮುಚ್ಚಿ ಕೂತೆ.

ನಮ್ಮ ಗ್ವಾಡಿ ಆಚಿ ಮುಸಲರ ಮನಿ ಅಕ್ಕಾರ ಜೋಡಿ ಮೂವತ್ತು ವರ್ಷದ ಬಳಕಿ ನಂದು. ಸಂಕ್ರಾಂತಿಗೆ ಇಲ್ಲಿಂದ ಕುಸರೆಳ್ಳು, ರಂಜಾನಕ್ಕ ಅಲ್ಲಿಂದ ಸುರಕುಂಬಾ. ಮಾತು ಮಾತ್ರ ‘ಅಡಗಿ ಆತೇನ್ರಿ’ ದಾಟಿರಲಿಲ್ಲ. ಅವರ ಮಗಳು ಗಂಡನ ಮನಿ ಬಿಟ್ಟು ಬಂದು ಎರಡು ವರ್ಷ ಆತು. ನಾ ಕೇಳಿರಲಿಲ್ಲ. ಮರ್ಯಾದಿ ಅಂತ ತಿಳಕೊಂಡಿದ್ದೆ, ಖರೇ ಅಂದ್ರ ಅಂಜಿಕಿ.

ನಿನ್ನೆ ಡಬ್ಬಿ ಕೊಡಾಕ ಹೋದಾಕಿ ಒಳಗ ಹೋಗಿ ಕೂತೆ. “ಮಗಳು ಹೆಂಗದಾಳ್ರಿ?” ಅಂದೆ.

ಅವರು ಒಲಿ ಆರಿಸಿ ಬಾಜೂಕ ಕೂತು, “ಇಷ್ಟ ದಿನ ಯಾರೂ ಕೇಳಿರಲಿಲ್ಲ ನೋಡ್ರಿ” ಅಂದ್ರು.