ಬೂಸಾನಿನ ಬಾಣಂತಿ ಸಾರು

ಮಗಳ ಬಾಣಂತನಕ್ಕೆಂದು ಓಮ, ಒಣಶುಂಠಿ, ಮೆಣಸು ಎಲ್ಲವನ್ನೂ ಕಟ್ಟಿಕೊಂಡು ಹೊರಟೆ. ಎಲ್ಲಿಗೆ ಅಂತೀರಾ? ದಕ್ಷಿಣ ಕೊರಿಯಾದ ಬೂಸಾನ್ ಪಟ್ಟಣಕ್ಕೆ!

ಮಗುವನ್ನು ನೋಡಲು ಬಂದ ಪಕ್ಕದ ಮನೆಯಾಕೆ ಕಪ್ಪಗೆ ಮುರುಟಿದ ಒಣ ಸೊಪ್ಪಿನ ಕಟ್ಟೊಂದನ್ನು ಕೈಗಿತ್ತಳು. “ಮಿಯೊಕ್ ಅಮ್ಮಾ, ಕಡಲಪಾಚಿ. ಇಲ್ಲಿ ಬಾಣಂತಿಗೆ ಇದರ ಸಾರೇ ಆಗಬೇಕು,” ಎಂದಳು ಮಗಳು. ಹುಟ್ಟುಹಬ್ಬದ ದಿನವೂ ಹೆತ್ತವಳನ್ನು ನೆನೆದು ಇದನ್ನೇ ಉಣ್ಣುತ್ತಾರಂತೆ. ಪರೀಕ್ಷೆಯ ದಿನ ಮಾತ್ರ ಬೇಡ, ಲೋಳೆಯಲ್ಲವೇ, ಜಾರಿಬಿಟ್ಟರೆ!

ನಾನು ಧಾರಾಳವಾಗಿ ಎರಡು ಹಿಡಿ ನೆನೆಹಾಕಿದೆ. ಅರ್ಧ ಗಂಟೆಯಲ್ಲಿ ಪಾತ್ರೆ ತುಂಬಿ ಹೊರಚೆಲ್ಲಿತು ನೋಡಿ! ನಾಲ್ಕು ಜನಕ್ಕೆ ಅರ್ಧ ಹಿಡಿ ಸಾಕು. ಹಿಂಡಿ, ಹೆಚ್ಚಿ, ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿಯೊಂದಿಗೆ ಬಾಡಿಸಿ, ನೀರು, ಸೋಯಾ ಸಾಸ್ ಹಾಕಿ ಕುದಿಸಬೇಕು. ಅವರು ಮಾಂಸವನ್ನೋ ಚಿಪ್ಪುಮೀನನ್ನೋ ಸೇರಿಸುತ್ತಾರೆ. ನಮ್ಮ ಮನೆಗೆ ಅದು ಬೇಡವಾಯಿತು.

ಒಂದು ಭಾನುವಾರ ಅಳಿಯಂದಿರು ಗಿಜಾಂಗ್ ಕಡಲತೀರಕ್ಕೆ ಕರೆದೊಯ್ದರು. ಬೂಸಾನಿಗೇ ಸೇರಿದ ಊರು, ಮಿಯೊಕ್‌ಗೆ ಹೆಸರುವಾಸಿ. ಸಮುದ್ರದಲ್ಲಿ ಹಗ್ಗ ಕಟ್ಟಿ ಬೆಳೆಸುತ್ತಾರೆ. ಚಳಿಗಾಲದಿಂದ ವಸಂತದವರೆಗೆ ಕೊಯ್ಲು. ಹಸಿಯಾಗಿದ್ದಾಗ ಕಂದು ಬಣ್ಣ. ಅಂಗಡಿಯಾಕೆ ಬಿಸಿನೀರಿಗೆ ಅದ್ದಿದಳೋ ಇಲ್ಲವೋ, ಅಚ್ಚ ಹಸುರು! ಆ ಕಂದು ಬಣ್ಣದ ವಸ್ತುವಿಗೆ ಫ್ಯೂಕೋಜ್ಯಾಂಥಿನ್ ಎಂದು ಹೆಸರು. ಲೋಳೆಯಲ್ಲಿರುವುದು ಫ್ಯೂಕಾಯ್ಡನ್. 1913ರಷ್ಟು ಹಿಂದೆಯೇ ಸ್ವೀಡನ್ನಿನ ಕೈಲಿನ್ ಎಂಬ ವಿಜ್ಞಾನಿ ಅದನ್ನು ಬೇರ್ಪಡಿಸಿದ್ದರು. ಬಾವು, ಉರಿಯೂತಗಳನ್ನು ಇವೆರಡೂ ತಗ್ಗಿಸುತ್ತವೆಂದು ಪ್ರಯೋಗಾಲಯದ ಜೀವಕೋಶಗಳಲ್ಲಿ, ಇಲಿಗಳಲ್ಲಿ ಕಂಡುಬಂದಿದೆ.

ನನ್ನ ಮಂಡಿನೋವು ನಿಮಗೆ ಹೊಸದಲ್ಲ. ಅದೇ ಅಂಗಡಿಯಲ್ಲಿ ಫ್ಯೂಕಾಯ್ಡನ್ ಮಾತ್ರೆಯ ಡಬ್ಬಿ ಕಂಡಿತು. ಕೈ ಚಾಚಿಯೇಬಿಟ್ಟೆ. “ಅಮ್ಮಾ, ನಿನ್ನ ಥೈರಾಯ್ಡ್ ಮಾತ್ರೆ ಮರೆತೆಯಾ?” ಎಂದು ಮಗಳು ತಡೆದಳು. ಇಲಿಗೆ ಆದದ್ದು ನನ್ನ ಮಂಡಿಗೂ ಆಗುತ್ತದೆಂಬ ಖಾತರಿ ಇನ್ನೂ ಇಲ್ಲ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಇಂಥ ಮಾತ್ರೆ ಮುಟ್ಟಬಾರದು.

ಅಯೋಡಿನ್ನಿನ ಮಾತು ಇನ್ನೂ ಮುಖ್ಯ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದದ್ದು 250 ಮೈಕ್ರೋಗ್ರಾಂ ಮಾತ್ರ. ಒಂದು ಬಟ್ಟಲು ಸಾರಿನಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ಇರಬಹುದು. ಅತಿಯಾದರೆ ತಾಯಿಯ ಹಾಲಿನ ಮೂಲಕ ಕೂಸಿಗೂ ಹೋಗಿ ಅದರ ಥೈರಾಯ್ಡ್ ಕುಂದೀತು. ಮಗಳು ಮೂರು ಹೊತ್ತೂ ಅದೇ ಸಾರು ಕುಡಿಯುತ್ತಿದ್ದಳು! ಮಾರನೆಯ ದಿನವೇ ಡಾಕ್ಟರನ್ನು ಕೇಳಿ ಕಡಿಮೆ ಮಾಡಿದೆವು. ಪಕ್ಕದ ಮನೆಯಾಕೆಗೆ ಬೇಸರವಾಗದಿರಲೆಂದು ಅವಳಿಗೊಂದು ಬಟ್ಟಲು ಮೆಣಸಿನ ಸಾರು ಕಳಿಸಿದೆ. ಕಣ್ಣಲ್ಲಿ ನೀರು ಬಂದರೂ ಪೂರ್ತಿ ಕುಡಿದಳಂತೆ, ಪುಣ್ಯಾತಗಿತ್ತಿ.

ಡಬ್ಬಿ ಅಂಗಡಿಯಲ್ಲೇ ಉಳಿಯಿತು. ಆ ರಾತ್ರಿ ಮಂಡಿಗೆ ಬಿಸಿ ಎಳ್ಳೆಣ್ಣೆ ತಿಕ್ಕಿಕೊಂಡು ಮಲಗಿದೆ.