ಉಸಿರಿಗೆ ಪರ್ಸೆಂಟೇಜ್ ಇಲ್ಲವಂತೆ

ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ನಮ್ಮಣ್ಣನಿಗೆ ಈಗ ಐವತ್ತೆರಡು. ಹದಿನಾರು ವರ್ಷ ಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಕೆಲಸ ಮಾಡಿದ. ಬಂಡೆ ಕೊರೆಯುವಾಗ ನೀರು ಬಿಟ್ಟರೆ ಧೂಳು ಏಳೋದು ಬಹಳ ಕಮ್ಮಿ. ಆದ್ರೆ ಟ್ಯಾಂಕರ್‌ಗೆ ದುಡ್ಡು ಯಾರು ಹಾಕ್ತಾರೆ? ಮೂಗಿಗೆ ಟವೆಲ್ ಸುತ್ಕೊಂಡು ಕೊರಿ ಅಂದ್ರು, ಕೊರೆದ. ಆ ಧೂಳಲ್ಲಿರೋ ಸಿಲಿಕಾ, ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಶ್ವಾಸಕೋಶದೊಳಗೆ ಕೂತು ಅದನ್ನ ಗಟ್ಟಿ ಮಾಡುತ್ತೆ. ಕೆಲಸ ಬಿಟ್ಟ ಮೇಲೂ ಕಾಯಿಲೆ ಬೆಳೀತಾ ಹೋಗಬಹುದು. ಮೊದಲಿನ ಹಾಗೆ ಮಾಡೋ ಔಷಧಿ ಇಲ್ಲ. ಸಿಲಿಕೋಸಿಸ್ ಅನ್ನೋ ಹೆಸರು ನಮ್ಮ ಕಿವಿಗೆ ಬೀಳೋ ಹೊತ್ತಿಗೆ ಎರಡು ಸಲ ಟಿಬಿ ಮಾತ್ರೆ ಕೋರ್ಸ್ ಮುಗಿಸಿದ್ದ. ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು, ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರೋದೂ ಜಾಸ್ತಿ, ಒಪ್ತೀನಿ. ಆದ್ರೆ "ಏನ್ ಕೆಲಸ ಮಾಡ್ತಿದ್ದೆ?" ಅಂತ ಒಂದು ಮಾತು ಕೇಳೋಕೆ ಏನು ಖರ್ಚು?

ಇದೇನು ನಿನ್ನೆ ಮೊನ್ನೆ ಕಂಡುಹಿಡಿದ ಕಾಯಿಲೆಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲೇ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದ್ದರು. ನೂರಕ್ಕೆ 43ಕ್ಕೂ ಹೆಚ್ಚು ಜನಕ್ಕೆ ಸಿಲಿಕೋಸಿಸ್ ಇತ್ತು. ಆ ಆಳಕ್ಕೆ ಇಳಿದವರು ಯಾವ ಕೇರಿಗಳವರು ಅಂತ ನಿಮಗೆ ಹೇಳಬೇಕಾಗಿಲ್ಲ.

ಸತ್ತ ಮೇಲಿನ ಪರಿಹಾರದ ಬಗ್ಗೆ ಭಾಷಣಗಳು ಆಗ್ತಾನೇ ಇರ್ತವೆ. ನಾನು ಹೇಳ್ಬೇಕಿರೋದು ಬದುಕಿರೋ ದಿನದ ಬಗ್ಗೆ. ಅಣ್ಣನ ಮನೆಯಿಂದ ಕಕ್ಕಸಿಗೆ ಇಪ್ಪತ್ತೆರಡು ಹೆಜ್ಜೆ. ನಡುವೆ ಅತ್ತಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿದ್ದಾರೆ. ತಲೆ ಮೇಲೆ ಚೊಂಬು ಎತ್ತಿದರೆ ದಮ್ಮು ಕಟ್ಟುತ್ತೆ, ಹಾಗಾಗಿ ಸ್ನಾನ ವಾರಕ್ಕೆ ಎರಡು ದಿನ, ಅದೂ ಅತ್ತಿಗೆ ಮಾಡಿಸಬೇಕು. ನುಂಗೋದು, ಉಸಿರಾಡೋದು ಎರಡೂ ಒಟ್ಟಿಗೆ ಆಗಲ್ಲ ಅಂತ ಮುದ್ದೆ ಬಿಟ್ಟು ಗಂಜಿಗೆ ಬಂದ. ಮೂರು ಮುದ್ದೆ ಉಣ್ಣುತ್ತಿದ್ದ ಆಳು. ರಾತ್ರಿ ದಿಂಬು ಜೋಡಿಸ್ಕೊಂಡು ಕೂತೇ ನಿದ್ದೆ. "ಅತ್ತಿಗೆ ಜೊತೆ ಜಗಳಾನೇ ನಿಲ್ಸಿಬಿಟ್ಟಿದ್ದೀಯಲ್ಲಣ್ಣ" ಅಂದೆ ಒಂದ್ಸಲ. "ಜಗಳಕ್ಕೂ... ಉಸಿರು... ಬೇಕಲ್ಲಪ್ಪಾ" ಅಂದ. ಮೂವರೂ ನಕ್ಕೆವು. ನಗುವಿಗೆ ಅವನಿಗೆ ಕೆಮ್ಮು ಹತ್ಕೊಂಡು ಹತ್ತು ನಿಮಿಷ ನಿಲ್ಲಲಿಲ್ಲ.

ಗೆಳೆಯರು ಸೇರಿ ಒಂದು ಆಕ್ಸಿಜನ್ ಮೆಷಿನ್ ಕೊಡಿಸಿದ್ರು. ದಿನಕ್ಕೆ ಹದಿನೈದು ಗಂಟೆ ಓಡಬೇಕು. ಗೃಹಜ್ಯೋತಿಯ ಉಚಿತ ಲೆಕ್ಕ ಮನೆಯ ಹಳೇ ಬಳಕೆಯ ಸರಾಸರಿ ಮೇಲೆ. ಎರಡು ಬಲ್ಬು, ಒಂದು ಟಿವಿ ಇದ್ದ ಮನೆಯ ಸರಾಸರಿ ಎಷ್ಟಿದ್ದೀತು? ಮಿಕ್ಕಿದ್ದಕ್ಕೆಲ್ಲ ಬಿಲ್. ಬಿಲ್ ನೋಡಿ ಅಣ್ಣನೇ ಕದ್ದು ಮೆಷಿನ್ ಆಫ್ ಮಾಡ್ತಾನೆ ಅಂತ ಅತ್ತಿಗೆ ಫೋನ್ ಮಾಡಿದ್ರು. ಕರೆಂಟ್ ಹೋದ ರಾತ್ರಿಗಳ ಕಥೆ ಬೇಡ ಬಿಡಿ.

ಅಂಗವಿಕಲರ ಕಾರ್ಡ್ ಆದ್ರೂ ಮಾಡಿಸೋಣ ಅಂತ ಹೋದ್ವಿ. "ಲಂಗ್ಸ್‌ಗೆ ಪರ್ಸೆಂಟೇಜ್ ಇಲ್ಲ ಸಾರ್" ಅಂದ್ರು. ನಾನೂ ಗುಮಾಸ್ತನೇ, ಕಾಲಂ ಇಲ್ಲದ್ದನ್ನ ತುಂಬೋಕಾಗಲ್ಲ ಅಂತ ನನಗೂ ಗೊತ್ತು. ಅವರ ಮೇಲೆ ಸಿಟ್ಟಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಶ್ವಾಸಕೋಶದ ಕಾಯಿಲೆ ಅದರಲ್ಲಿಲ್ಲ. ಅಳೆಯೋಕೆ ಬರಲ್ಲ ಅನ್ನೋದಂತೂ ಸುಳ್ಳು. ಊದಿಸಿ ಅಳೀತಾರೆ, ಆರು ನಿಮಿಷ ನಡೆಸಿ ಅಳೀತಾರೆ. ಸಿಒಪಿಡಿ ಇರೋರಿಗೆ ಎಂಟು ಪ್ರಶ್ನೆಯ ಒಂದು ಹಾಳೆ ಇದೆ, ನಲವತ್ತಕ್ಕೆ ಅಂಕ: ಕೆಮ್ಮು ಎಷ್ಟು, ನಿದ್ದೆ ಹೇಗೆ, ಮನೆಯಿಂದ ಹೊರಗೆ ಹೋಗೋ ಧೈರ್ಯ ಇದೆಯಾ ಅಂತೆಲ್ಲ. ಡಾಕ್ಟರಿಗೆ ಅಳೆಯೋಕೆ ಬರುತ್ತೆ, ಸರ್ಕಾರಕ್ಕೆ ಬರಲ್ಲ.

ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಸಿಲಿಕೋಸಿಸ್ ಇದೆ. ಆದ್ರೆ ಕೆಲಸ ಮಾಡಿದ್ದಕ್ಕೆ ದಾಖಲೆ ತೋರಿಸಬೇಕು. ಅಣ್ಣನ ಹಾಜರಿ ಇದ್ದದ್ದು ಮೇಸ್ತ್ರಿ ಜೇಬಿನ ನೋಟ್‌ಬುಕ್ಕಲ್ಲಿ. ರಾಜಸ್ಥಾನ 2019ರಲ್ಲೇ ಇದಕ್ಕೆ ಪ್ರತ್ಯೇಕ ನೀತಿ ತಂದಿದೆ: ಕಾಯಿಲೆ ದೃಢಪಟ್ಟರೆ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ, ಮೇಲೆ ಪಿಂಚಣಿ. ಅಲ್ಲಿ ಎಲ್ಲಾ ಸರಿಯಿದೆ ಅಂತಲ್ಲ. ಒಂದು ಕಾಲಂ ಅಂತೂ ಇದೆ.

ಸೋಮವಾರ ಹನ್ನೊಂದಕ್ಕೆ ಡಿಸಿ ಕಚೇರಿಯಲ್ಲಿ ಅರ್ಜಿ ಕೊಡ್ತಿದ್ದೀವಿ. ಕ್ವಾರಿ, ಕ್ರಷರ್‌ನಲ್ಲಿ ದುಡಿದು ದಮ್ಮು ಬಂದವರು ನಿಮ್ಮ ಕೇರಿಯಲ್ಲಿದ್ರೆ ಹೆಸರು, ಎಷ್ಟು ವರ್ಷ ಕೆಲಸ, ಹಳೇ ಎಕ್ಸ್‌ರೇ, ಆಸ್ಪತ್ರೆ ಚೀಟಿ ತನ್ನಿ. ಜೊತೆಗೆ ದುಡಿದವರು ಇಬ್ಬರು ಸಾಕ್ಷಿ ಬರೆದುಕೊಟ್ರೂ ಸರಿ. ಅಣ್ಣನೂ ಬರ್ತೀನಿ ಅಂತಿದ್ದಾನೆ. ಕಚೇರಿಗೆ ಹದಿನಾಲ್ಕು ಮೆಟ್ಟಿಲಿವೆ, ನಿನ್ನೆ ಹೋಗಿ ನೋಡ್ಕೊಂಡು ಬಂದೆ. ಅರ್ಜಿ ತಗೊಳ್ಳೋಕೆ ಸಾಹೇಬ್ರನ್ನೇ ಕೆಳಗೆ ಬರೋಕೆ ಕೇಳ್ತೀವಿ.

ಜೈಭೀಮ್.