ಕೊನೆ ಗೊತ್ತಿರುವ ಕತೆಯ ಮೋಹ: ಕೆಲವು ಟಿಪ್ಪಣಿಗಳು

ಕೆನ್ ಲಿಯು ಅವರ ‘ದ ಗ್ರೇಸ್ ಆಫ್ ಕಿಂಗ್ಸ್’ ಕಾದಂಬರಿ ಬಂದದ್ದು 2015ರಲ್ಲಿ. ಓದಿದವರಲ್ಲಿ ಕೆಲವರಿಗೆ ರೇಷ್ಮೆ, ಬಿದಿರುಗಳಲ್ಲಿ ಕಟ್ಟಿದ ವಾಯುನೌಕೆಗಳ ಹುಚ್ಚು. ಕೆಲವರಿಗೆ, ಪಕ್ಷ ಕಟ್ಟಿಕೊಂಡು ಮನುಷ್ಯರ ಯುದ್ಧದಲ್ಲಿ ಕೈಯಾಡಿಸುವ ದೇವತೆಗಳ ಹುಚ್ಚು. ನನಗೆ ಬಿಡಿಸಲಾಗದ ಒಗಟು ಬೇರೆಯೇ. ದಾರಾ ಎಂಬ ದ್ವೀಪಸಮೂಹವನ್ನು ಲೇಖಕರು ಕಲ್ಪಿಸಿಕೊಂಡರು, ನಿಜ. ಆದರೆ ಅಲ್ಲಿ ನಡೆಯುವುದು ಚೀನಾದಲ್ಲಿ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ನಡೆದುಹೋದದ್ದು. ಯಾರು ಗೆದ್ದರು, ಯಾರು ಸತ್ತರು ಎಂಬುದು ತಿಳಿದೇ ಇದೆ. ತಿಳಿದಿದ್ದೂ ರಾತ್ರಿ ಎರಡು ಗಂಟೆಯವರೆಗೆ ಪುಟ ತಿರುವುವುದು ಯಾಕೆ?

*

ಹೋಲಿಕೆಗಳು. ಏಳು ರಾಜ್ಯಗಳನ್ನು ಒಂದು ಮಾಡಿದ ಸಾಮ್ರಾಟ ಮಾಪಿಡೆರೆ, ಕ್ರಿ.ಪೂ. 221ರಲ್ಲಿ ಚೀನಾವನ್ನು ಒಗ್ಗೂಡಿಸಿದ ಚಿನ್ ಷಿ ಹುವಾಂಗ್. ಪುಂಡ, ಮಾತುಗಾರ, ಕುಡುಕ ಕುನಿ ಗಾರು, ಹಾನ್ ವಂಶದ ಸ್ಥಾಪಕ ಲಿಯು ಬಾಂಗ್. ಆಜಾನುಬಾಹು, ಒಂದೊಂದು ಕಣ್ಣಿನಲ್ಲೂ ಎರಡೆರಡು ಪಾಪೆ, ಮಾತಿಗೆ ತಪ್ಪದ ಮಾಟಾ ಜಿಂಡು, ಚು ದೇಶದ ವೀರ ಶಿಯಾಂಗ್ ಯು. ಜೋಡಿ ಪಾಪೆಯ ಮಾತನ್ನೂ ಲೇಖಕರು ಹೊಸದಾಗಿ ಹುಟ್ಟಿಸಿದ್ದಲ್ಲ. ಶಿಯಾಂಗ್ ಯುವಿಗೆ ಹಾಗಿತ್ತಂತೆ ಎಂದು ಪ್ರಾಚೀನ ಚರಿತ್ರೆಕಾರ ಸಿಮಾ ಚಿಯೆನ್ ಬರೆದಿಟ್ಟಿದ್ದಾನೆ.

ಕಾದಂಬರಿ ತೆರೆದುಕೊಳ್ಳುವುದು ಸಾಮ್ರಾಟನ ಮೆರವಣಿಗೆಯಲ್ಲಿ. ಪಾಠಕ್ಕೆ ಚಕ್ಕರ್ ಹೊಡೆದು ನೋಡಲು ಬಂದ ಹುಡುಗ ಕುನಿ. ಆಕಾಶದಿಂದ, ಗಾಳಿಪಟಕ್ಕೆ ಕಟ್ಟಿಕೊಂಡು ಒಬ್ಬ ಹಂತಕ ಎರಗುತ್ತಾನೆ. ಚರಿತ್ರೆಯಲ್ಲಿ ಕ್ರಿ.ಪೂ. 218ರಲ್ಲಿ ಸಾಮ್ರಾಟನ ಮೇಲೆ ಬಂದದ್ದು ಕಬ್ಬಿಣದ ಭಾರೀ ಸುತ್ತಿಗೆ, ಅದೂ ಗುರಿ ತಪ್ಪಿ ಬೇರೆ ಬಂಡಿಗೆ ಬಡಿಯಿತು. ಸುತ್ತಿಗೆಯ ಜಾಗಕ್ಕೆ ಗಾಳಿಪಟ ಬಂದ ಕೂಡಲೇ ಅದೇ ಘಟನೆ ನನ್ನ ಉಸಿರು ಹಿಡಿಸಿತು.

*

ಲಿಯು ಹುಟ್ಟಿದ್ದು ಚೀನಾದ ಲಾಂಜೋದಲ್ಲಿ. ಹನ್ನೊಂದರ ವಯಸ್ಸಿಗೆ ಅಮೆರಿಕಕ್ಕೆ ಹೋದರು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಕೂತು ರೇಡಿಯೊದಲ್ಲಿ ಕಥನಕಾರರ ಬಾಯಿಂದ ಇಂಥ ಕತೆಗಳನ್ನು ಕೇಳಿದವರು. ಅವರ ವಾಕ್ಯಗಳಲ್ಲಿ ಆ ಕೇಳುವಿಕೆ ಉಳಿದಿದೆ. ಪಾತ್ರದ ಒಳಮನಸ್ಸಿಗೆ ಇಳಿಯುವ ಅವಸರವಿಲ್ಲ. ಯಾರು ಏನು ಮಾಡಿದರು, ಆಮೇಲೇನಾಯಿತು ಎಂದು ಹೇಳುತ್ತಲೇ ಹೋಗುತ್ತಾರೆ. ಇದನ್ನು ದೋಷ ಎನ್ನುವವರಿದ್ದಾರೆ. ಹರಿಕಥೆ ಕೇಳಿ ಬೆಳೆದ ಕಿವಿಗೆ ಇದು ದೋಷವಾಗಿ ಕೇಳುವುದಿಲ್ಲ.

*

ಹೋಂಗ್‌ಮೆನ್ ಔತಣ, ಕ್ರಿ.ಪೂ. 206. ಇದನ್ನು ಎಷ್ಟು ಸಲ ಓದಿದರೂ ಮನಸ್ಸಿಗೆ ಸಮಾಧಾನವಿಲ್ಲ.

ಶಿಯಾಂಗ್ ಯುವಿನ ಡೇರೆಗೆ ಅವನ ಪ್ರತಿಸ್ಪರ್ಧಿ ಲಿಯು ಬಾಂಗ್ ಕ್ಷಮೆ ಕೇಳಲು ಬಂದಿದ್ದಾನೆ. ಮುದಿ ಮಂತ್ರಿ ಫಾನ್ ಜೆಂಗ್ ಸೊಂಟದ ಹಸಿರು ಶಿಲೆಯ ಆಭರಣವನ್ನು ಮತ್ತೆ ಮತ್ತೆ ಎತ್ತಿ ತೋರಿಸುತ್ತಾನೆ: ಈಗ ಕೊಲ್ಲು. ಶಿಯಾಂಗ್ ಯು ಸುಮ್ಮನಿದ್ದಾನೆ. ಮಂತ್ರಿ ಒಬ್ಬನನ್ನು ಕತ್ತಿವರಸೆಯ ಕುಣಿತಕ್ಕೆ ಕಳಿಸುತ್ತಾನೆ, ಕುಣಿಯುತ್ತ ಇರಿಯಲಿ ಎಂದು. ಶಿಯಾಂಗ್ ಯುವಿನ ಚಿಕ್ಕಪ್ಪನೇ ಎದ್ದು ತಾನೂ ಕತ್ತಿ ಹಿಡಿದು ಕುಣಿಯುತ್ತ ಅತಿಥಿಗೆ ಅಡ್ಡ ನಿಲ್ಲುತ್ತಾನೆ. ಕಡೆಗೆ ಲಿಯು ಬಾಂಗ್ ಶೌಚಕ್ಕೆಂದು ಎದ್ದುಹೋದವನು ಹಾಗೇ ಪರಾರಿ.

ಒಂದು ಮಾತು ಆಡಿದ್ದರೆ ಸಾಮ್ರಾಜ್ಯ ಶಿಯಾಂಗ್ ಯುವಿನದು. ಯಾಕೆ ಆಡಲಿಲ್ಲ? ಸ್ನೇಹವೇ, ಹೆಮ್ಮೆಯೇ, ಅತಿಥಿಯನ್ನು ಕೊಲ್ಲಲು ನಾಚಿಕೆಯೇ? ಆ ಮೌನದ ಜಾಗದಲ್ಲೇ ಕಾದಂಬರಿಕಾರನಿಗೆ ಕೆಲಸವಿದೆ. ಕೆನ್ ಲಿಯು ಅದಕ್ಕಾಗಿಯೇ ಕುನಿ ಮತ್ತು ಮಾಟಾರನ್ನು ಮೊದಲು ಅಣ್ಣತಮ್ಮಂದಿರಷ್ಟು ಹತ್ತಿರ ತಂದರು ಎಂದು ನನಗನ್ನಿಸುತ್ತದೆ.

*

ಇನ್ನೂ ದೊಡ್ಡ ಒಗಟು: ಓದುಗರ ಪ್ರೀತಿಯ ಪಾಲು ಮಾಟಾನಿಗೇ ಯಾಕೆ ಹೆಚ್ಚು? ಶಿಯಾಂಗ್ ಯು ಸಾಧು ಅಲ್ಲ. ಶರಣಾದ ಎರಡು ಲಕ್ಷ ಸೈನಿಕರನ್ನು ಹೂತುಹಾಕಿಸಿದ ಎಂದು ಚರಿತ್ರೆ ಹೇಳುತ್ತದೆ. ಅವನು ಹಚ್ಚಿದ ಬೆಂಕಿಗೆ ಅರಮನೆಗಳು ಮೂರು ತಿಂಗಳು ಉರಿದವಂತೆ. ಆದರೂ ಕ್ರಿ.ಪೂ. 202ರಲ್ಲಿ ವು ನದಿಯ ದಡದಲ್ಲಿ ದೋಣಿಯವನು ದಾಟಿಸುತ್ತೇನೆಂದಾಗ ಅವನು ಒಲ್ಲೆ ಎನ್ನುವಾಗ ಗಂಟಲು ಕಟ್ಟುತ್ತದೆ. ಎಂಟು ಸಾವಿರ ಹುಡುಗರನ್ನು ಕರೆದುಕೊಂಡು ಹೊರಟವನು, ಒಬ್ಬನನ್ನೂ ಮರಳಿ ತರದೆ ಅವರ ಹೆತ್ತವರಿಗೆ ಯಾವ ಮುಖ ತೋರಿಸಲಿ ಎಂಬುದು ಅವನ ಸಂಕಟ.

ಇದನ್ನು ಬರೆದಿಟ್ಟ ಸಿಮಾ ಚಿಯೆನ್ ಹಾನ್ ದೊರೆಯ ಸೇವಕ, ಅಂದರೆ ಗೆದ್ದವರ ಕಡೆಯವನು. ಅವನೋ ಶಿಯಾಂಗ್ ಯುವನ್ನು ಸಾಮ್ರಾಟರಿಗೆ ಮೀಸಲಾದ ಭಾಗದಲ್ಲಿ ಕೂರಿಸಿದ, ಅವನೆಂದೂ ಸಾಮ್ರಾಟನಾಗದಿದ್ದರೂ. ಅದೇ ಅಧ್ಯಾಯದ ಕೊನೆಗೆ, ತನ್ನ ತಪ್ಪನ್ನು ವಿಧಿಯ ಮೇಲೆ ಹಾಕಿದನೆಂದು ಗದರಿಸಿಯೂ ಬಿಟ್ಟ. ಸೋತು ಶತ್ರುವಿಗೆ ಶರಣಾದ ಒಬ್ಬ ಸೇನಾನಿಯ ಪರ ಮಾತಾಡಿದ್ದಕ್ಕೆ ದೊರೆ ಈ ಚರಿತ್ರೆಕಾರನ ಬೀಜ ಒಡೆಸಿದ್ದ. ಅಂಥವನ ಕೈಯಲ್ಲಿ ಸೋತವನ ಕತೆ ಹೀಗೆ ಬಂತು.

ಕನ್ನಡದವರಿಗೆ ಇದು ಹೊಸದಲ್ಲ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಗದಾಯುದ್ಧ ಬರೆದ. ಓದುವಾಗ ನಮ್ಮ ಮನಸ್ಸು ಹೋಗುವುದು ಹೆಣಗಳ ನಡುವೆ ತಮ್ಮನನ್ನೂ ಕರ್ಣನನ್ನೂ ಹುಡುಕುವ ದುರ್ಯೋಧನನ ಕಡೆಗೆ. ವು ನದಿಯ ದಡ ನನಗೆ ಅಪರಿಚಿತ ಅನ್ನಿಸದ್ದಕ್ಕೆ ಇದೂ ಕಾರಣವಿರಬಹುದು.

*

ಹಾಗಾದರೆ ಕಲ್ಪನೆ ಸೇರಿಸಿದ್ದೇನು? ಗಿನ್ ಮಝೋಟಿ. ಲಿಯು ಬಾಂಗ್‌ನ ಮಹಾದಂಡನಾಯಕ ಹಾನ್ ಶಿನ್‌ನನ್ನು ಲೇಖಕರು ಹೆಂಗಸಾಗಿಸಿದ್ದಾರೆ. ಬೀದಿಯಲ್ಲಿ ಬೆಳೆದ ಹುಡುಗಿ ಸೇನೆಯ ಮುಖ್ಯಸ್ಥೆಯಾಗಿ, ಹೆಂಗಸರನ್ನೂ ಸೇನೆಗೆ ಸೇರಿಸಿಕೊಳ್ಳುವಂತೆ ಕುನಿಯನ್ನು ಒಪ್ಪಿಸುತ್ತಾಳೆ. ಅವರ ಮೈತೂಕ ಕಡಿಮೆ, ವಾಯುನೌಕೆಗೆ ಅದೇ ಅನುಕೂಲ. ಬರೀ ಆದರ್ಶದ ಮಾತಲ್ಲ, ಲೆಕ್ಕಾಚಾರದ ಮಾತು. ಅದಕ್ಕೇ ನಂಬಿಕೆ ಬರುತ್ತದೆ. ಸಿಮಾ ಚಿಯೆನ್ ಸೋತವನಿಗೆ ಜಾಗ ಕೊಟ್ಟ, ಲಿಯು ಅವನ ಪುಟಗಳಲ್ಲಿ ಹೆಸರೇ ಇಲ್ಲದವರಿಗೆ. ನನ್ನ ಉತ್ಸಾಹದ ಬೇರು ಇಲ್ಲಿದೆ ಎಂದು ಈಗೀಗ ಅನ್ನಿಸುತ್ತಿದೆ.

ಆದರೂ ಭಯವಿತ್ತು. ಹಾನ್ ಶಿನ್‌ನನ್ನು ಕ್ರಿ.ಪೂ. 196ರಲ್ಲಿ ಲಿಯು ಬಾಂಗ್‌ನ ರಾಣಿ ಅರಮನೆಗೆ ಕರೆಸಿ ಕೊಲ್ಲಿಸಿದಳು. ಗಿನ್ ಗೆಲ್ಲುವ ಪುಟಗಳಲ್ಲೆಲ್ಲ ಆ ಇಸವಿ ಕಣ್ಣ ಮುಂದೆ ಬರುತ್ತಿತ್ತು.

*

ಎರಡನೆಯ ಸಂಪುಟ ‘ದ ವಾಲ್ ಆಫ್ ಸ್ಟಾರ್ಮ್ಸ್’, 2016. ಸಮುದ್ರದಾಚೆಯಿಂದ ಬೇರೆಯೇ ಜನ ದಂಡೆತ್ತಿ ಬರುತ್ತಾರೆ, ಕತೆ ಚರಿತ್ರೆಯ ದಾರಿ ಬಿಡುತ್ತದೆ. ಗಿನ್‌ಳ ಗತಿಯೇನೆಂದು ತಿಳಿಯಲು ಇನ್ನು ಹಳೆಯ ಪುಸ್ತಕ ನೋಡಿ ಉಪಯೋಗವಿಲ್ಲ. ನೂರು ಪುಟ ಆಗಿದೆ, ಅವಳಿನ್ನೂ ಬದುಕಿದ್ದಾಳೆ.